ಠಾಣೆ ಸ್ಟೇಷನ್ನಿನಲ್ಲಿ ದಾರಿ ತಪ್ಪಿದ ಅಪ್ಪ: ವಯಸ್ಸೋ, ಕಾಯಿಲೆಯೋ?

ಪ್ರಶ್ನೆ: ನನ್ನ ತಂದೆಗೆ 76 ವರ್ಷ. ಕಾರ್ಕಳದ ಕಡೆಯವರು. ಹದಿಹರೆಯದಲ್ಲಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಘಾಟ್ಕೋಪರಿನಲ್ಲಿ ಸ್ವಂತ ಹೋಟೆಲು ನಡೆಸಿದವರು. ಲೆಕ್ಕವೆಲ್ಲ ಬಾಯಲ್ಲೇ ಇರುತ್ತಿತ್ತು. ಎರಡು ವರ್ಷಗಳಿಂದ ಕೇಳಿದ್ದನ್ನೇ ಕೇಳುತ್ತಾರೆ. ಈಚೆಗೆ ಡೊಂಬಿವಲಿಯಿಂದ ಘಾಟ್ಕೋಪರಿಗೆ ಹೊರಟವರು ಠಾಣೆಯಲ್ಲಿ ಇಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿದ್ದರು. ನೀರಿನಂತೆ ಆಡುತ್ತಿದ್ದ ಮರಾಠಿ, ಹಿಂದಿ ತಡವರಿಸುತ್ತಿವೆ, ತುಳುವಿನಲ್ಲೇ ಉತ್ತರ. ಸಂಜೆಯಾದರೆ "ಮನೆಗೆ ಹೋಗೋಣ" ಎಂದು ಚಪ್ಪಲಿ ಹಾಕುತ್ತಾರೆ. ಹದಿನಾರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಶುದ್ಧ ಸಸ್ಯಾಹಾರಿ. ಟಿ.ವಿ. ಶಬ್ದ ಪಕ್ಕದ ಮನೆಗೂ ಕೇಳುವಷ್ಟು ಬೇಕು. ರಾತ್ರಿ ನಿದ್ದೆ ಬರಲೆಂದು ಔಷಧದಂಗಡಿಯಿಂದ ನೆಗಡಿ ಮಾತ್ರೆ ತಂದು ನುಂಗುತ್ತಾರೆ. ಗಣೇಶ ಚೌತಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾಗಿತ್ತು. ಆಮೇಲೆ ಗೊಂದಲ ಹೆಚ್ಚಾಗಿದೆ. ಇದು ವಯಸ್ಸಿನ ಮರೆವೇ, ಡಿಮೆನ್ಶಿಯಾವೇ? ಹೊಸ ಇಂಜೆಕ್ಷನ್ ಬಂದಿದೆಯಂತೆ, ಕೊಡಿಸಬಹುದೇ? ನನಗೀಗ 47, ನನಗೂ ಬರುತ್ತದೆಯೇ? ಊರಿಗೆ ಕಳುಹಿಸಿ, ಸರಿಹೋಗುತ್ತಾರೆ ಎನ್ನುತ್ತಾರೆ ಚಿಕ್ಕಪ್ಪ. ನೋಡಿಕೊಳ್ಳುತ್ತಿರುವ ಅಮ್ಮನಿಗೇ 70 ದಾಟಿದೆ. ಏನು ಮಾಡಲಿ?

ಉತ್ತರ: ಇದು ಬರೀ ವಯಸ್ಸಿನ ಮರೆವಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಕೈಬಿಟ್ಟದ್ದರಿಂದಲೇ ಎಷ್ಟೋ ಹಿರಿಯರು ಎರಡು ಮೂರು ವರ್ಷ ತಡವಾಗಿ ವೈದ್ಯರ ಬಳಿ ಬರುತ್ತಾರೆ. ಭಾರತದಲ್ಲಿ 60 ದಾಟಿದವರ ನಡುವೆ ನಡೆದ ರಾಷ್ಟ್ರೀಯ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಈ ವಯಸ್ಸಿನವರಲ್ಲಿ ಶೇ. 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ, ಅಂದರೆ ದಿನದ ಬದುಕಿಗೇ ಅಡ್ಡಿಯಾಗುವಷ್ಟು ನೆನಪು, ಬುದ್ಧಿ ಕುಂದುವ ಸ್ಥಿತಿ ಇದೆ. ಸಂಖ್ಯೆ ದೊಡ್ಡದೇ. ಆದರೆ ಅದೇ ಲೆಕ್ಕದಲ್ಲಿ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಹಿರಿಯರಿಗೆ ಅದು ಇಲ್ಲ. ಮುಪ್ಪಿನ ಸಹಜ ಗುಣವಾಗಿದ್ದರೆ ಹೀಗಿರುತ್ತಿರಲಿಲ್ಲ.

ವಯಸ್ಸಾದಂತೆ ಹೆಸರು ನೆನಪಾಗುವುದು ತಡವಾಗುತ್ತದೆ, ಕನ್ನಡಕ ಇಟ್ಟ ಜಾಗ ಮರೆಯುತ್ತದೆ, ಸ್ವಲ್ಪ ಹೊತ್ತಿಗೆ ಹೊಳೆಯುತ್ತದೆ. ದಶಕಗಟ್ಟಲೆ ಓಡಾಡಿದ ರೈಲು ದಾರಿಯಲ್ಲಿ ಮುಂದೆಲ್ಲಿಗೆ ಎಂದು ತೋಚದೆ ನಿಲ್ಲುವುದು ಬೇರೆ. ದಿನದ ಬದುಕನ್ನು ಸ್ವಂತವಾಗಿ ನಡೆಸುವ ಶಕ್ತಿ ಕುಂದುತ್ತಿದೆಯೇ ಎಂಬುದನ್ನೇ ನಾವು ಮುಖ್ಯವಾಗಿ ನೋಡುವುದು. ನಿಮ್ಮ ತಂದೆಯಲ್ಲಿ ಅದು ಕುಂದುತ್ತಿದೆ.

ಆದರೂ ಡಿಮೆನ್ಶಿಯಾ ತರುವ ಕಾಯಿಲೆಗಳಲ್ಲಿ ಮುಖ್ಯವಾದ ಅಲ್ಝೈಮರ್ ಎಂದು ಹೆಸರಿಡುವ ಮೊದಲು ಸ್ವಲ್ಪ ತಡೆಯಿರಿ. ನಿಮ್ಮ ಪತ್ರದ ನಡುವೆ, ಅಷ್ಟೇನೂ ಮುಖ್ಯವಲ್ಲ ಎಂಬಂತೆ ಬರೆದಿರುವ ನಾಲ್ಕು ಸಂಗತಿಗಳು ನನ್ನ ಕಣ್ಣಿಗೆ ದೊಡ್ಡವಾಗಿ ಕಂಡವು.

ಬಚ್ಚಲಲ್ಲಿ ಬಿದ್ದದ್ದು ಎಲ್ಲಕ್ಕಿಂತ ತುರ್ತಿನದು. ವಯಸ್ಸಾದವರಲ್ಲಿ ಮಿದುಳು ಸ್ವಲ್ಪ ಕುಗ್ಗಿರುತ್ತದೆ. ಅದರ ಮೇಲ್ಮೈಯಿಂದ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಜಗ್ಗಿಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿಯಬಹುದು. ರಕ್ತ ಒಂದೇ ಸಲ ನುಗ್ಗುವುದಿಲ್ಲ, ವಾರಗಟ್ಟಲೆ ಜಿನುಗಿ ಮಿದುಳನ್ನು ಒತ್ತುತ್ತದೆ. ಬಿದ್ದ ದಿನ ಏನೂ ಆಗಿಲ್ಲವೆಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಒಂದೆರಡು ತಿಂಗಳ ಮೇಲೆ ಗೊಂದಲ, ಮಂಪರು, ನಡಿಗೆಯಲ್ಲಿ ಓಲಾಟ ಶುರುವಾಗುತ್ತದೆ. ಸಿ.ಟಿ. ಸ್ಕ್ಯಾನ್ ಮಾಡಿದರೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಇದ್ದರೆ, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ರಕ್ತವನ್ನು ಹೊರತೆಗೆಯುತ್ತಾರೆ. ಕೆಲವರು ದಿನಗಳಲ್ಲೇ ಚೇತರಿಸಿಕೊಳ್ಳುತ್ತಾರೆ. ಈ ಸ್ಕ್ಯಾನ್ ಈ ವಾರವೇ ಆಗಲಿ. ರಕ್ತ ತೆಳುವಾಗಿಸುವ ಮಾತ್ರೆಯೂ ಇದ್ದರೆ, ಅಥವಾ ವಾಂತಿ, ವಿಪರೀತ ತಲೆನೋವು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ, ನಾಳೆಗೆ ಇಡಬೇಡಿ.

ಎರಡನೆಯದು ಮೆಟ್‌ಫಾರ್ಮಿನ್. ಒಳ್ಳೆಯ ಔಷಧ, ನಿಲ್ಲಿಸಬೇಡಿ. ಆದರೆ ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಮೊದಲೇ ಸಸ್ಯಾಹಾರಿ, ಆಹಾರದಲ್ಲಿ ಬಿ12 ಸಿಗುವುದು ಹಾಲು, ಮೊಸರಿನಿಂದ ಮಾತ್ರ. ಈ ಕೊರತೆಯೇ ಮರೆವು, ಗೊಂದಲ, ಕಾಲು ಜೋಮು ತರಬಲ್ಲದು, ಅದಕ್ಕೆ ಚಿಕಿತ್ಸೆಯೂ ಅಗ್ಗ. ಬಿ12 ಜೊತೆಗೆ ಥೈರಾಯ್ಡ್, ಸೋಡಿಯಂ, ಮೂತ್ರಪಿಂಡ, ಯಕೃತ್ತು, ಸಕ್ಕರೆಯ ಮೂರು ತಿಂಗಳ ಸರಾಸರಿ ಎಲ್ಲವನ್ನೂ ಒಂದೇ ಸಲ ಮಾಡಿಸಿ. ಸಕ್ಕರೆ ಆಗಾಗ ತೀರಾ ಕೆಳಗಿಳಿಯುತ್ತಿದ್ದರೆ ಅದೂ ಮಿದುಳಿಗೆ ಏಟೇ.

ಆ ನೆಗಡಿ ಮಾತ್ರೆಯನ್ನು ಇವತ್ತೇ ನಿಲ್ಲಿಸಿ. ನಿದ್ದೆ ತರಿಸುವ ಹಳೆಯ ಕಾಲದ ನೆಗಡಿ, ಅಲರ್ಜಿ ಮಾತ್ರೆಗಳು ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ನೆನಪಿನ ಕೆಲಸಕ್ಕೆ ಬೇಕಾದದ್ದೇ ಅದು. ಡಿಮೆನ್ಶಿಯಾಕ್ಕೆ ನಾವು ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಮಾತ್ರೆಗಳ ಉದ್ದೇಶ ಅದನ್ನು ಹೆಚ್ಚಿಸುವುದು. ನಿಮ್ಮ ತಂದೆ ಚೀಟಿಯಿಲ್ಲದೆ ತಂದು ನುಂಗುತ್ತಿರುವುದು ಅದಕ್ಕೆ ಅಡ್ಡಗಾಲು. ಮೂತ್ರ ತಡೆಯುವ ಕೆಲವು ಮಾತ್ರೆಗಳು, ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಹಳೆಯ ಮಾತ್ರೆಗಳೂ ಇದೇ ಗುಂಪಿನವು. ಅವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಬದಲಿಸಬೇಕು. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಚೀಟಿಗಿಂತ ಆ ಚೀಲ ಹೆಚ್ಚು ಹೇಳುತ್ತದೆ.

ನಾಲ್ಕನೆಯದು ಕಿವಿ. ಅದಕ್ಕೆ ಮುಂದೆ ಬರುತ್ತೇನೆ.

ಇದೆಲ್ಲ ಸರಿಪಡಿಸಿದರೆ ತಂದೆ ಪೂರ್ತಿ ಮೊದಲಿನಂತಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷಗಳಿಂದ ಮೆಲ್ಲಮೆಲ್ಲನೆ ಏರುತ್ತಿರುವ ಮರೆವಿನ ಹಿಂದೆ ಮಿದುಳಿನ ಕಾಯಿಲೆಯೊಂದು ಇರುವ ಸಾಧ್ಯತೆಯೇ ಹೆಚ್ಚು. ಆದರೆ ಅದರ ಮೇಲೆ ಕುಳಿತಿರುವ ಭಾರಗಳನ್ನು ಇಳಿಸಿದರೆ ಎಷ್ಟೋ ಹಗುರವಾಗುತ್ತದೆ. ಚಿಕಿತ್ಸೆಯಿರುವ ಕಾರಣವೊಂದನ್ನು ನೋಡದೆ ಬಿಟ್ಟು, ಚಿಕಿತ್ಸೆಯಿಲ್ಲದ ಹೆಸರೊಂದನ್ನು ಹಚ್ಚುವುದು ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಅನ್ಯಾಯ.

ಇನ್ನು ಪರೀಕ್ಷೆ. ಮುಂಬಯಿಯ ಕೆ.ಇ.ಎಂ., ಸಾಯನ್, ನಾಯರ್ ಮುಂತಾದ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ನರರೋಗ ವಿಭಾಗಗಳಿವೆ. ಸಾಲು ಉದ್ದ, ಆದರೆ ಅನುಭವಿ ಕಣ್ಣುಗಳು ಅಲ್ಲಿವೆ. ಎಲ್ಲಿಗೆ ಹೋದರೂ ಒಂದು ವಿಷಯದಲ್ಲಿ ಪಟ್ಟು ಹಿಡಿಯಿರಿ: ನೆನಪಿನ ಪರೀಕ್ಷೆ ತಂದೆಗೆ ಸಲೀಸಾದ ಭಾಷೆಯಲ್ಲಿ ನಡೆಯಬೇಕು. ಮರಾಠಿ ಕೈಕೊಡುತ್ತಿರುವ ಹೊತ್ತಿನಲ್ಲಿ ಮರಾಠಿಯಲ್ಲೇ ಪ್ರಶ್ನೆ ಕೇಳಿದರೆ ಅವರು ಕಳೆದುಕೊಳ್ಳುವ ಅಂಕ ಮರೆವಿನದೋ ಭಾಷೆಯದೋ ಎಂದು ಯಾರಿಗೂ ತಿಳಿಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಭಾರತೀಯ ಭಾಷೆಗಳಿಗೆಂದೇ ರೂಪಿಸಿದ ಪರೀಕ್ಷೆಗಳಲ್ಲಿ ಕನ್ನಡದ್ದೂ ಇದೆ. ಕನ್ನಡ ಬಲ್ಲ ವೈದ್ಯರು, ಮನಶ್ಶಾಸ್ತ್ರಜ್ಞರು ಈ ನಗರದಲ್ಲಿ ಕಡಿಮೆಯಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಂಥ ನಮ್ಮ ಸಂಘಗಳಲ್ಲಿ ವಿಚಾರಿಸಿದರೆ ದಾರಿ ಸಿಕ್ಕೀತು. ಸಿಗದಿದ್ದರೆ ನೀವೇ ಪಕ್ಕದಲ್ಲಿ ಕುಳಿತು ಪ್ರಶ್ನೆಯನ್ನು ತುಳುವಿನಲ್ಲಿ ಹೇಳಿ. ಉತ್ತರವನ್ನು ಮಾತ್ರ ಹೇಳಿಕೊಡಬೇಡಿ. ಪ್ರೀತಿಯಿಂದಲೇ ಮಕ್ಕಳು ಮಾಡುವ ಕೆಲಸ ಇದು, ಪರೀಕ್ಷೆ ಅಲ್ಲಿಗೆ ಕೆಟ್ಟಿತು.

ಆ ಪರೀಕ್ಷೆಯಲ್ಲಿ ಏನಿರುತ್ತದೆ ಎಂದು ತಿಳಿದಿದ್ದರೆ ನಿಮಗೆ ಭಯ ಕಡಿಮೆಯಾದೀತು. ಹಾಳೆ, ಪೆನ್ಸಿಲ್ ಕೊಟ್ಟು ಗಡಿಯಾರ ಬರೆಯಲು ಹೇಳುತ್ತೇವೆ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎನ್ನುತ್ತೇವೆ. ವೃತ್ತ ಸೊಗಸಾಗಿ ಬರುತ್ತದೆ. ಅಂಕಿಗಳು ಬಲಬದಿಯಲ್ಲೇ ಒತ್ತೊತ್ತಾಗಿ ಇಳಿದು, ಆರಕ್ಕೆ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ನಿಮಿಷದ ಮುಳ್ಳು ಎರಡರ ಕಡೆ ಹೋಗಬೇಕು; ಆದರೆ "ಹತ್ತು" ಎಂಬ ಮಾತು ಕಿವಿಗೆ ಬಿದ್ದದ್ದೇ ಕೈ ಹತ್ತರ ಅಂಕಿಯತ್ತ ಎಳೆಯುತ್ತದೆ. ಆ ಒಂದು ಗೆರೆಯಲ್ಲಿ ಮಿದುಳಿನ ಮುಂಭಾಗದ ಯೋಜನಾಶಕ್ತಿಯ ಸುದ್ದಿ ಇರುತ್ತದೆ. ನೂರರಿಂದ ಏಳೇಳು ಕಳೆಯಿರಿ ಎಂಬ ಪ್ರಶ್ನೆಯೂ ಉಂಟು. ಹೋಟೆಲು ನಡೆಸಿದವರಿಗೆ ಅದಕ್ಕಿಂತ, "ಎರಡು ಪ್ಲೇಟು ಇಡ್ಲಿ, ಒಂದು ಮಸಾಲೆ ದೋಸೆ, ಮೂರು ಕಾಫಿ, ಐನೂರರ ನೋಟು ಕೊಟ್ಟರು, ಚಿಲ್ಲರೆ ಎಷ್ಟು?" ಎಂದು ಕೇಳುವುದು ಮೇಲು. ಜೀವಮಾನವಿಡೀ ಮಾಡಿದ ಲೆಕ್ಕ ತಪ್ಪಿದರೆ ಅದಕ್ಕೆ ತೂಕ ಜಾಸ್ತಿ. ಇದನ್ನು ನಿಮ್ಮ ವೈದ್ಯರಿಗೆ ನೀವೇ ಹೇಳಬಹುದು.

ಅಲ್ಝೈಮರ್ ಎಂದರೇನು ಎಂದು ನೀವು ಕೇಳಿಲ್ಲ, ಆದರೆ ತುಳು ಮಾತ್ರ ಉಳಿಯುತ್ತಿರುವುದು ಯಾಕೆಂದು ತಿಳಿಯಲು ಅದು ಬೇಕು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್, ಮರೆವಿನಿಂದ ನರಳಿ ತೀರಿಕೊಂಡ ಆಗುಸ್ಟೆ ಡೀಟರ್ ಎಂಬ ಮಹಿಳೆಯ ಮಿದುಳಿನಲ್ಲಿ ಕಂಡದ್ದನ್ನು ವೈದ್ಯರ ಸಭೆಯ ಮುಂದಿಟ್ಟರು. ನರಕೋಶಗಳ ಹೊರಗೆ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಟ್ಟಿಗಳು, ಒಳಗೆ ಟೌ ಎಂಬ ಪ್ರೋಟೀನಿನ ಸಿಕ್ಕುಗಳು. ಲಕ್ಷಣ ಕಾಣುವುದಕ್ಕೆ ಹದಿನೈದು, ಇಪ್ಪತ್ತು ವರ್ಷ ಮೊದಲೇ ಇವು ಸೇರತೊಡಗುತ್ತವೆ. ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಹೊಸ ನೆನಪನ್ನು ದಾಖಲಿಸುವುದು ಅದೇ. ದಿನದ ಲೆಕ್ಕ ಬರೆಯುವ ಗುಮಾಸ್ತ ಕೆಲಸ ಬಿಟ್ಟಂತೆ. ಹಳೆಯ ಖಾತೆಪುಸ್ತಕಗಳು ಕಪಾಟಿನಲ್ಲಿ ಹಾಗೇ ಇವೆ. ಅದಕ್ಕೇ ಬೆಳಗಿನ ತಿಂಡಿ ಮರೆತವರಿಗೆ ಬಾಲ್ಯದ ಕಾರ್ಕಳ ಕಣ್ಣಿಗೆ ಕಟ್ಟಿದಂತೆ ನೆನಪಿರುತ್ತದೆ, ಆಮೇಲೆ ಕಲಿತ ಹಿಂದಿ, ಮರಾಠಿ ಜಾರಿದ ಮೇಲೂ ತಾಯಿಮಾತು ನಿಲ್ಲುತ್ತದೆ. ಹದಿನಾರು ವರ್ಷದ ಸಕ್ಕರೆ ಕಾಯಿಲೆಯಿಂದ ಮಿದುಳಿನ ಸಣ್ಣ ರಕ್ತನಾಳಗಳೂ ಕೆಟ್ಟಿರಬಹುದು. ವಯಸ್ಸಾದವರಲ್ಲಿ ಅಲ್ಝೈಮರ್, ರಕ್ತನಾಳದ ಹಾನಿ ಎರಡೂ ಬೆರೆತಿರುವುದು ಬಹಳ ಸಾಮಾನ್ಯ.

ಮನೆಯಲ್ಲಿ ಅವರೊಡನೆ ತುಳುವಿನಲ್ಲೇ ಮಾತಾಡಿ. ಹಿಂದಿಯನ್ನು ತಿದ್ದಿ ನೆನಪಿಸಲು ಹೋಗಬೇಡಿ. ಆ ಭಾಷೆಗಳು ವ್ಯರ್ಥವಾಗಲಿಲ್ಲ ಎನ್ನುವುದಕ್ಕೆ ಒಂದು ಅಧ್ಯಯನವಿದೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಹಾಗೆಯೇ. ನಂತರದ ಅಧ್ಯಯನಗಳೆಲ್ಲ ಒಂದೇ ದನಿಯಲ್ಲಿ ಒಪ್ಪಿಲ್ಲ. ಆದರೂ ತುಳು, ಕನ್ನಡ, ಮರಾಠಿ, ಹಿಂದಿಗಳ ನಡುವೆ ದಿನವಿಡೀ ಓಡಾಡಿದ ಬದುಕು ನಿಮ್ಮ ತಂದೆಗೆ ಕೆಲವು ಒಳ್ಳೆಯ ವರ್ಷಗಳನ್ನು ಗಳಿಸಿಕೊಟ್ಟಿರಬಹುದು.

ಹೊಸ ಇಂಜೆಕ್ಷನ್ನುಗಳ ಬಗ್ಗೆ. ಲೆಕಾನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಸಿಕ್ಕಿತು, ಡೊನಾನೆಮ್ಯಾಬ್‌ಗೆ 2024ರಲ್ಲಿ. ಎರಡೂ ಅಮೈಲಾಯ್ಡ್ ಗಟ್ಟಿಗಳನ್ನು ತೆರವು ಮಾಡುತ್ತವೆ. ಇಷ್ಟು ವರ್ಷ ಬರಿಗೈಯಲ್ಲಿದ್ದ ನಮಗೆ ಇದು ದೊಡ್ಡ ವಿಷಯವೇ. ಆದರೆ ಅವು ಕಾಯಿಲೆಯನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಲೆಕಾನೆಮ್ಯಾಬ್ ಪಡೆದವರಲ್ಲಿ ಹದಿನೆಂಟು ತಿಂಗಳಲ್ಲಿ ಇಳಿತದ ವೇಗ ಶೇ. 27ರಷ್ಟು ಕಡಿಮೆಯಿತ್ತು, ಇಳಿತ ಇದ್ದೇ ಇತ್ತು. ತೀರಾ ಆರಂಭದ ಹಂತದವರಿಗೆ ಮಾತ್ರ, ಅದೂ ಮಿದುಳಿನಲ್ಲಿ ಅಮೈಲಾಯ್ಡ್ ಇದೆಯೆಂದು ಪರೀಕ್ಷೆಯಲ್ಲಿ ದೃಢಪಟ್ಟ ಮೇಲೆ ಕೊಡುವಂಥದ್ದು. ಕೆಲವರಲ್ಲಿ ಮಿದುಳು ಊದಿಕೊಳ್ಳುವ, ರಕ್ತ ಒಸರುವ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂ.ಆರ್.ಐ. ಬೇಕು. ನೀವು ಬರೆದದ್ದನ್ನು ನೋಡಿದರೆ ತಂದೆ ಆ ಹಂತ ದಾಟಿರುವಂತಿದೆ. ಇದಕ್ಕಾಗಿ ಸಾಲ ಮಾಡಬೇಡಿ, ಊರಿನ ಜಾಗ ಮಾರಬೇಡಿ. ಡೊನೆಪೆಜಿಲ್, ಮೆಮಾಂಟಿನ್‌ನಂಥ ಹಳೆಯ ಮಾತ್ರೆಗಳು ಅಗ್ಗ. ಕೆಲವರಲ್ಲಿ ಗಮನ, ನಡವಳಿಕೆ ಸ್ವಲ್ಪ ಕಾಲ ಸುಧಾರಿಸುತ್ತವೆ. ನೆನಪಿನ ಶಕ್ತಿ ಹೆಚ್ಚಿಸುತ್ತೇವೆಂದು ಜಾಹೀರಾತು ಕೊಡುವ ಟಾನಿಕ್ಕುಗಳಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ನಿಮಗೆ ಬರುತ್ತದೆಯೇ? ಒಂದೇ ವಂಶವಾಹಿಯಿಂದ ನೇರವಾಗಿ ಇಳಿದು ಬರುವ ಅಲ್ಝೈಮರ್ ಶೇ. ಒಂದಕ್ಕಿಂತ ಕಡಿಮೆ, ಅದು ಸಾಮಾನ್ಯವಾಗಿ 65ಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ನಿಮ್ಮ ತಂದೆಯದು ಹಾಗೆ ಕಾಣುವುದಿಲ್ಲ. ಹೆತ್ತವರಿಗಿದ್ದರೆ ಮಕ್ಕಳ ಸಂಭವ ಸ್ವಲ್ಪ ಏರುತ್ತದೆ, ಅಷ್ಟೇ. ಅಲ್ಝೈಮರ್‌ನ ಸುಳಿವು ಕೊಡುವ ಪಿ-ಟೌ217 ಎಂಬ ರಕ್ತಪರೀಕ್ಷೆಯ ಸುದ್ದಿಯನ್ನು ನೀವು ಓದಿರಬಹುದು. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅಂಥದ್ದೊಂದಕ್ಕೆ ಒಪ್ಪಿಗೆ ದೊರೆಯಿತು, ಆದರೆ ಅದು ಲಕ್ಷಣ ಕಂಡವರಿಗಾಗಿ. ಆರೋಗ್ಯವಾಗಿರುವ ನೀವು ಮಾಡಿಸಿಕೊಂಡರೆ ಕೈಗೆ ಬರುವುದು ಚಿಂತೆ ಮಾತ್ರ.

ಮುಂದೆ ಬಾರದಂತೆ ಎಚ್ಚರ ವಹಿಸಲು ನಿಮ್ಮ 47ನೆಯ ವಯಸ್ಸು ಸರಿಯಾದ ಹೊತ್ತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗದ 2024ರ ವರದಿ, ನಾವು ಬದಲಿಸಬಹುದಾದ ಹದಿನಾಲ್ಕು ಅಪಾಯಗಳನ್ನು ಹೆಸರಿಸಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಇದು ಇಡೀ ಸಮಾಜದ ಲೆಕ್ಕ, ಒಬ್ಬೊಬ್ಬರಿಗೆ ಕೊಟ್ಟ ಭರವಸೆಯಲ್ಲ. ಆ ಅಪಾಯಗಳಲ್ಲೊಂದಾದ ಕೆಟ್ಟ ಗಾಳಿ ಮುಂಬಯಿಯಲ್ಲಿ ನಿಮ್ಮ ಕೈಯಲ್ಲಿಲ್ಲ. ರಕ್ತದೊತ್ತಡ ನಿಮ್ಮ ಕೈಯಲ್ಲಿದೆ. 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಮೇಲಿನ ಒತ್ತಡವನ್ನು 120ರ ಕೆಳಗಿಳಿಸುವ ಗುರಿಯಿಟ್ಟುಕೊಂಡವರಲ್ಲಿ, 140ರ ಗುರಿಯವರಿಗಿಂತ ಡಿಮೆನ್ಶಿಯಾದ ಹಿಂದಿನ ಹಂತದ ಮರೆವು ಶೇ. 19ರಷ್ಟು ಕಡಿಮೆ ಕಂಡಿತು. ಕೆಟ್ಟ ಕೊಲೆಸ್ಟರಾಲ್, ಸಕ್ಕರೆ ನೋಡಿಸಿಕೊಳ್ಳಿ, ನಡೆಯಿರಿ, ಜನರ ನಡುವೆ ಇರಿ. 2025ರಲ್ಲಿ ಹೊರಬಂದ ಅಮೆರಿಕದ ಪಾಯಿಂಟರ್ ಪ್ರಯೋಗದಲ್ಲಿ 2,111 ಹಿರಿಯರು ಎರಡು ವರ್ಷ ವ್ಯಾಯಾಮ, ಆಹಾರ, ಬುದ್ಧಿಗೆ ಕೆಲಸ, ಒಡನಾಟ ಎಲ್ಲವನ್ನೂ ಒಟ್ಟಿಗೆ ಪಾಲಿಸಿದರು. ತಾವೇ ಮಾಡಿಕೊಂಡವರೂ ಸುಧಾರಿಸಿದರು. ಗುಂಪಿನಲ್ಲಿ, ಮಾರ್ಗದರ್ಶನದಲ್ಲಿ ಮಾಡಿದವರು ಇನ್ನಷ್ಟು ಸುಧಾರಿಸಿದರು. ಇಂಥ ಮಾಹಿತಿಯೆಲ್ಲ ಬಹುಪಾಲು ಪಶ್ಚಿಮದ್ದು. ನಮ್ಮವರ ಚಿತ್ರ ಬೇಕೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ, ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮೇಲೆ ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. ಅದರ ಫಲಿತಾಂಶಗಳಿಗೆ ನಾನು ಕಾಯುತ್ತಿದ್ದೇನೆ.

ಕಿವಿಯ ಮಾತು ಈಗ. ಕೇಳಿಸದಿದ್ದವರು ಮಾತಿನಿಂದ ಹಿಂದೆ ಸರಿಯುತ್ತಾರೆ. ಕೇಳಿಸದೇ ಇದ್ದದ್ದು ನೆನಪಿರಲು ಸಾಧ್ಯವೂ ಇಲ್ಲ. 2023ರ ಅಚೀವ್ ಪ್ರಯೋಗದಲ್ಲಿ ಶ್ರವಣಸಾಧನ ಎಲ್ಲರಿಗೂ ಒಂದೇ ರೀತಿ ನೆರವಾಗಲಿಲ್ಲ, ಆದರೆ ಹೆಚ್ಚು ಅಪಾಯದ ಗುಂಪಿನಲ್ಲಿ ಮೂರು ವರ್ಷಗಳ ಅರಿವಿನ ಇಳಿತವನ್ನು ಶೇ. 48ರಷ್ಟು ನಿಧಾನಗೊಳಿಸಿತು. ತಂದೆಯ ಕಿವಿ ತೋರಿಸಿ. ಕಿವಿಯ ಗುಗ್ಗೆ ತೆಗೆಸುವುದರಿಂದಲೇ ಕೆಲವರ ಟಿ.ವಿ. ಶಬ್ದ ಅರ್ಧಕ್ಕಿಳಿಯುತ್ತದೆ.

ಕೊನೆಗೆ ಊರು. ಸಂಜೆಯ "ಮನೆಗೆ ಹೋಗೋಣ" ಎಂಬುದು ಕಾರ್ಕಳದ ಮನೆಗೇ ಎಂದು ಚಿಕ್ಕಪ್ಪ ತಿಳಿದಿದ್ದಾರೆ. ಊರಿನಲ್ಲೇ ಹುಟ್ಟಿ ಬೆಳೆದು ಊರಿನಲ್ಲೇ ಇರುವವರೂ, ಸ್ವಂತ ಜಗಲಿಯ ಮೇಲೆ ಕುಳಿತು, ಇದೇ ಮಾತು ಹೇಳುತ್ತಾರೆ. ಬೆಳಕು ಇಳಿಯುವ ಹೊತ್ತಿಗೆ ದಣಿದ ಮಿದುಳಿಗೆ ಸುತ್ತಲಿನದು ಗುರುತು ಸಿಗದಾಗುತ್ತದೆ, ಕಳವಳವಾಗುತ್ತದೆ. ಇದೇ ನಿಮ್ಮ ಮನೆ ಎಂದು ವಾದಿಸಬೇಡಿ. ದೀಪವನ್ನು ಬೇಗ ಹಾಕಿ. "ಹೋಗೋಣ, ಕಾಫಿ ಕುಡಿದು ಹೊರಡೋಣ" ಎಂದು ಕೂರಿಸಿ ಊರಿನ ಮಾತು ತೆಗೆಯಿರಿ, ಅಥವಾ ಕಟ್ಟಡದ ಸುತ್ತ ಒಂದು ಸುತ್ತು ಹಾಕಿಸಿ ಕರೆತನ್ನಿ.

ಊರಿನಲ್ಲಿ ಸುತ್ತಲೂ ತುಳು ಕೇಳಿಸುತ್ತದೆ, ಅದು ಲಾಭವೇ. ಆದರೆ ಅವರ ನೆನಪಿನಲ್ಲಿರುವ ಮನೆ ಅಲ್ಲಿಲ್ಲ. ಹೆಂಚು ಹೋಗಿ ಟೆರೇಸ್ ಬಂದಿರುತ್ತದೆ, ಜೊತೆಗಾರರು ಬಹಳ ಮಂದಿ ಉಳಿದಿರಲಿಕ್ಕಿಲ್ಲ. ಜಾಗ ಬದಲಾದರೆ ಗೊಂದಲ ಕೆಲಕಾಲ ಏರುವ ಸಾಧ್ಯತೆಯೇ ಹೆಚ್ಚು. ಅವರೊಬ್ಬರನ್ನೇ ಕಳುಹಿಸುವುದಂತೂ ಬೇಡವೇ ಬೇಡ. ಅಮ್ಮನ ಜೊತೆ ಹೋಗುವುದಾದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅಮ್ಮನಿಗೆ ನೆರವಿನ ಕೈಗಳು ಎಲ್ಲಿ ಹೆಚ್ಚು ಸಿಗುತ್ತವೆ? ಚಿಕ್ಕಪ್ಪನ ಮನೆಯವರು ದಿನಕ್ಕೆ ನಾಲ್ಕು ಗಂಟೆ ತಂದೆಯನ್ನು ನೋಡಿಕೊಳ್ಳುವುದಾದರೆ ಊರೇ ಸರಿ. ಬರೀ ಮಾತಿನಲ್ಲಿ ಮುಗಿಯುವುದಾದರೆ ಡೊಂಬಿವಲಿಯೇ ಸರಿ.

ಗೋವಾದ ತಿಸ್ವಾಡಿ, ಬಾರ್ದೇಶ್ ತಾಲೂಕುಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅಲ್ಲಿ ಸುಮಾರು 80 ಕುಟುಂಬಗಳಲ್ಲಿ ಅರ್ಧದಷ್ಟಕ್ಕೆ, ತರಬೇತಿ ಪಡೆದ ಸ್ಥಳೀಯರೇ ಮನೆಗೆ ಬಂದು ಕಾಯಿಲೆಯನ್ನು ವಿವರಿಸಿದರು, ರೋಗಿಯ ಹಟ, ಸಿಟ್ಟುಗಳನ್ನು ನಿಭಾಯಿಸುವ ಬಗೆ ಹೇಳಿಕೊಟ್ಟರು, ಅಗತ್ಯವಿದ್ದಾಗ ವೈದ್ಯರಿಗೆ ತಿಳಿಸಿದರು. ದುಬಾರಿ ಔಷಧವಿಲ್ಲದೆ ನೋಡಿಕೊಳ್ಳುವವರ ಮಾನಸಿಕ ಸಂಕಟ ತಗ್ಗಿತು. ನಿಮ್ಮ ತಾಯಿಯ ರಕ್ತದೊತ್ತಡವನ್ನೂ ಇದೇ ವಾರ ನೋಡಿಸಿ. ವಾರದಲ್ಲಿ ಎರಡು ಮಧ್ಯಾಹ್ನ ಅವರು ಭಜನೆಗೋ ನಿದ್ದೆಗೋ ಹೋಗುವಂತೆ ನೀವೂ ನಿಮ್ಮ ಒಡಹುಟ್ಟಿದವರೂ ಹಂಚಿಕೊಳ್ಳಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ 14416ರಲ್ಲಿ, ಹಿರಿಯರ ಸಹಾಯವಾಣಿ 14567ರಲ್ಲಿ ಸಿಗುತ್ತದೆ.

ಎರಡು ಕೆಲಸ ತಡ ಮಾಡಬೇಡಿ. ತಂದೆಯ ಅಂಗಿಯ ಜೇಬಿನಲ್ಲಿ ಹೆಸರು, ನಿಮ್ಮ ಮೊಬೈಲ್ ಸಂಖ್ಯೆ ಬರೆದ ಚೀಟಿ ಸದಾ ಇರಲಿ. ಕಟ್ಟಡದ ಕಾವಲುಗಾರನಿಗೆ ವಿಷಯ ತಿಳಿದಿರಲಿ. ಇನ್ನೊಂದು, ಬ್ಯಾಂಕ್ ಖಾತೆಗೆ ಜಂಟಿ ಹೆಸರು, ನಾಮನಿರ್ದೇಶನ, ಉಯಿಲು ಇವನ್ನೆಲ್ಲ ಅವರಿಗೆ ಇನ್ನೂ ಅರ್ಥವಾಗುತ್ತಿರುವಾಗಲೇ, ಅವರ ಇಚ್ಛೆಯಂತೆ, ವೈದ್ಯರ ಪ್ರಮಾಣಪತ್ರದೊಂದಿಗೆ ಮುಗಿಸಿ. ನಮ್ಮ ಕಾನೂನಿನಲ್ಲಿ, ಬರೆದುಕೊಟ್ಟವರ ಬುದ್ಧಿಸ್ವಾಸ್ಥ್ಯ ಹೋದರೆ ಮುಖ್ತಾರು ಪತ್ರಕ್ಕೂ (ಪವರ್ ಆಫ್ ಅಟಾರ್ನಿ) ಬೆಲೆಯಿರುವುದಿಲ್ಲ. ಆಮೇಲೆ ಪಾಲಕತ್ವಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಮೊದಲು ಸಿ.ಟಿ. ಸ್ಕ್ಯಾನ್, ಆಮೇಲೆ ರಕ್ತಪರೀಕ್ಷೆ. ವರದಿಗಳು ಕೈಗೆ ಬಂದ ಮೇಲೆ ಬಿ12 ಎಷ್ಟಿದೆ ಎಂಬುದನ್ನೂ ನೆಗಡಿ ಮಾತ್ರೆ ನಿಲ್ಲಿಸಿ ಎರಡು ವಾರಗಳಲ್ಲಿ ಕಂಡ ಬದಲಾವಣೆಯನ್ನೂ ಬರೆದು ತಿಳಿಸಿ. ಮುಂದಿನ ಔಷಧದ ಮಾತನ್ನು ಆಗ ಆಡೋಣ.